ಆಕೆ ನರ್ಸ್ ಅಲ್ಲ, ಗುಂಡೇಟೂ ಬಿದ್ದಿರಲಿಲ್ಲ

ನೆಲಕ್ಕೆ ಬಿದ್ದ ಮಹಿಳೆ, ಪಕ್ಕದಲ್ಲಿ ಕೊನೆಯ ಪ್ರಾರ್ಥನೆ ಹೇಳುತ್ತಿರುವ ಪಾದ್ರಿ. ‘ವಿಯೆಟ್ನಾಂನಲ್ಲಿ ಗುಂಡೇಟಿಗೆ ಸತ್ತ ನರ್ಸ್’ ಅಂತ ಈ ಫೋಟೋ ಓಡಾಡುತ್ತಿದೆ. ಫೋಟೋ ನಿಜ, ಕಥೆ ತಪ್ಪು.

ಆಕೆ ಡಿಕಿ ಶಾಪೆಲ್, ಅಮೆರಿಕದ ಯುದ್ಧ ಫೋಟೋಗ್ರಾಫರ್. 1965ರ ನವೆಂಬರ್ 4ರಂದು ವಿಯೆಟ್ನಾಂನ ಚು ಲಾಯ್ ಹತ್ತಿರ ಮರೀನ್ ಸೈನಿಕರ ಗಸ್ತಿನ ಜೊತೆ ನಡೆಯುತ್ತಿದ್ದರು. ಮುಂದಿದ್ದ ಅಧಿಕಾರಿಯ ಕಾಲು ಅಡ್ಡ ಕಟ್ಟಿದ್ದ ತಂತಿಗೆ ತಗುಲಿತು. ಹುದುಗಿಸಿಟ್ಟ ಬಾಂಬ್ ಸಿಡಿಯಿತು. ಒಂದು ಚೂರು ಆಕೆಯ ಕುತ್ತಿಗೆಯ ರಕ್ತನಾಳ ಸೀಳಿತು. ಗುಂಡು ಯಾರೂ ಹಾರಿಸಿರಲಿಲ್ಲ. ಫೋಟೋ ಸರಿಯಾಗಿ ನೋಡಿ, ಕಿವಿಯಲ್ಲಿ ಪುಟ್ಟ ಮುತ್ತಿನ ಓಲೆ ಇದೆ. ಗಸ್ತಿಗೂ ಅದನ್ನು ಹಾಕಿಕೊಂಡೇ ಹೋಗಿದ್ದರು!

ಫೋಟೋ ತೆಗೆದವರು ಆನ್ರಿ ಯುವೆ. 1971ರಲ್ಲಿ ಲಾವೋಸ್ ಮೇಲೆ ಹಾರುವಾಗ ಅವರಿದ್ದ ಹೆಲಿಕಾಪ್ಟರ್ ಹೊಡೆದುರುಳಿಸಿದಾಗ ಅವರೂ ತೀರಿಕೊಂಡರು.