ಸಾವಿನ ಮನಿ ಭಜನಿ, ನಮ್ಮ ಅಕ್ಕನ ಮಗ ಮತ್ತ ಒಬ್ಬ ಮುತ್ಯಾ

ನಮ್ಮ ಅಕ್ಕನ ಮಗ ರಾತ್ರೋರಾತ್ರಿ ಸತ್ತವ್ರ ಮನಿಗಿ ಭಜನಿಗಿ ಹೋಗ್ತಾನ, ಅದೂ ಎಪ್ಪತ್ತು ದಾಟಿದ ಒಬ್ಬ ಮುತ್ಯಾನ ಸಂಗಾಟ, ಮನಿಯವ್ರು ನೀವು ಹೆಂಗ ಬಿಟ್ಟೀರಿ ಅಂತ ಬೀಗರು, ಗೆಳ್ಯಾರು, ಓಣಿಯವ್ರು ಎಲ್ಲಾರೂ ಕೇಳೋದು ಆಯ್ತು. ಒಬ್ಬೊಬ್ಬರಿಗಿ ಫೋನ್‌ನಾಗ ಹೇಳೋದಕ್ಕಿಂತ ಇಲ್ಲೇ ಬರೀತೀನಿ. ಹುಡುಗನ್ನ ಕೇಳೇ ಬರೀಲಿಕತ್ತೀನಿ, ಅಂವ ಹೂಂ ಅಂದಾನ.

ಇಂವ ಹಿಂಗ ಆಗಿದ್ದು ಯಾವಾಗಿಂದ ಅಂದ್ರ ಕೊರೊನಾ ಟೈಮಿನಿಂದ. ನೆನಪದನೋ ಇಲ್ಲೋ, ದೇಶದಾಗ ಕೊರೊನಾದಿಂದ ಮೊದಲನೇ ಸಾವು ಅಂತ ವರದಿ ಆಗಿದ್ದು ನಮ್ಮ ಕಲಬುರಗಿದೇ, 2020ರ ಮಾರ್ಚ್‌ನಾಗ. ಅವಾಗ ಇಂವ ಹೈಸ್ಕೂಲ್ ಹುಡುಗ. ಟಿವಿ ಹಚ್ಚಿದ್ರ ನಮ್ಮೂರಿನ ಹೆಸರು, ಫೋನ್ ತಗದ್ರ ಸತ್ತವ್ರ ಲೆಕ್ಕ. ಮರು ವರ್ಷ ಎರಡನೇ ಅಲೆ ಬಂದಾಗ ಅವರಪ್ಪ ಹೋದ್ರು. ನಮ್ಮಲ್ಲಿ ಲಿಂಗಾಯತರು ತೀರಿಕೊಂಡ್ರ ಮೈ ತೊಳದು, ವಿಭೂತಿ ಹಚ್ಚಿ, ಕುಂದ್ರಿಸಿ, ವಿಮಾನ ಕಟ್ಟಿ, ಹಲಗಿ ಭಜನಿ ಕೂಡ ಊರೆಲ್ಲಾ ತಿರಗಿಸಿ ಮಣ್ಣಿಗಿ ಒಯ್ತಾರ. ಅವರಪ್ಪಗ ಅದು ಯಾವುದೂ ಆಗಲಿಲ್ಲ. ಮಗ ಮುಖ ನೋಡಲಿಲ್ಲ, ಒಂದು ಹಿಡಿ ಮಣ್ಣು ಕೊಡಲಿಲ್ಲ. ಪ್ಲಾಸ್ಟಿಕ್‌ನಾಗ ಸುತ್ತಿದ ಏನೋ ಒಂದು ದೂರದಿಂದ ಕಂಡಿತ್ತು ಅಷ್ಟೇ.

ಆಮ್ಯಾಲ ಶುರುವಾಯ್ತು ನೋಡ್ರಿ. ಚೌಕಿನಾಗ ಕಟ್ಟಿರ್ತಾರಲ್ಲ ಭಾವಪೂರ್ಣ ಶ್ರದ್ಧಾಂಜಲಿ ಬ್ಯಾನರು, ಅವನ್ನ ಫೋಟೊ ಹೊಡ್ಕೊಂಡು ಫೋನ್‌ನಾಗ ಇಟ್ಕೊಳ್ಳಾಂವ. ಹುಟ್ಟಿದ ತಾರೀಖು ಸತ್ತ ತಾರೀಖು ನೋಡಿ ವಯಸ್ಸು ಲೆಕ್ಕ ಹಾಕಾಂವ. ಸಂಜಿಗಿ ಸಾತ್ ಗುಂಬಜ್‌ಗಿ ಹೋಗಿ, ಅಲ್ಲಿ 1422ರಾಗ ತೀರಿಕೊಂಡ ಬಹಮನಿ ಸುಲ್ತಾನ ಫಿರೋಜ್ ಶಾಹನ ಗೋರಿ ಅದಲ್ಲ, ಅದರ ಕಟ್ಟಿ ಮ್ಯಾಲ ಕತ್ತಲಾಗೋತನಾ ಒಬ್ಬನೇ ಕುಂದ್ರಾಂವ. ಡಿಗ್ರಿ ಎರಡನೇ ವರ್ಷಕ್ಕ ಕಾಲೇಜಿಗಿ ಹೋಗೋದೂ ಬಿಟ್ಟ. ಊಟದ ಮುಂದ ಕುಂತು, ಎಲ್ಲಾರೂ ಸಾಯೋರೇ ಅಂದಮ್ಯಾಲ ಇದೆಲ್ಲ ಯಾಕ ಅತ್ತೀ ಅಂತ ನನ್ನ ಹೆಂಡ್ತಿಗಿ ಕೇಳ್ತಿದ್ದ. ಅಕ್ಕಂದು ಒಂದೇ ಮಾತು, ಬಿಡ್ತು ಅನ್ನೋ. ಊರಾಗ ಯಾರಿಗಿ ಹೇಳಿದ್ರೂ ಅದೇ, ಹಂಗೆಲ್ಲಾ ಮಾತಾಡಬಾರದು, ದೇವರ ಹೆಸರು ತಗೊ, ಜಿಮ್‌ಗಿ ಹೋಗು. ಬಾಯಿ ಮುಚ್ಚಿಸೋರೇ ಎಲ್ಲಾರೂ. ಅಷ್ಟು ಮಂದಿ ನಡುವ ಆ ಹುಡುಗ ಎಷ್ಟು ಒಂಟಿ ಆಗಿರಬೇಕು ಅಂತ ಈಗ ನೆನಸಿದ್ರ ಹೊಟ್ಟ್ಯಾಗ ಕಲಸ್ತದ.

ಡಾಕ್ಟರ್‌ಗೆ ತೋರಿಸೀವಿ, ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರ ಭಜನಿಯಿಂದ ಎಲ್ಲಾ ಆರಾಮಾಯ್ತು ಅಂತ ಯಾರೂ ತಿಳ್ಕೋಬಾರದು. ಗುಳಗಿ ನಡದಾವ, ತಿಂಗಳಿಗೊಮ್ಮೆ ಹೋಗ್ತಾನ. ಜೀವಾ ತಕ್ಕೋಬೇಕು ಅನಸ್ತದೇನು ಅಂತ ಸೀದಾ ಕೇಳ್ರಿ, ಕೇಳಿದ್ರಿಂದ ಆ ವಿಚಾರ ತಲ್ಯಾಗ ಹೊಸದಾಗಿ ಬರೋದಿಲ್ಲ ಅಂತ ಹೇಳಿದ್ದೂ ಡಾಕ್ಟರೇ. ನಿಮ್ಮನ್ಯಾಗ ಇಂಥ ಮಕ್ಕಳು ಇದ್ರ 14416ಕ್ಕ ಫೋನ್ ಮಾಡ್ರಿ, ಟೆಲಿ ಮಾನಸ್ ಅಂತ, 2022ರಾಗ ಸರ್ಕಾರದವ್ರು ಶುರು ಮಾಡ್ಯಾರ, ರೊಕ್ಕ ಇಲ್ಲ, ಕನ್ನಡದಾಗ ಮಾತಾಡ್ತಾರ, ರಾತ್ರಿ ಎಷ್ಟೊತ್ತಿದ್ರೂ ನಡೀತದ.

ಈಗ ಮುತ್ಯಾನ ವಿಷಯಕ್ಕ ಬರ್ತೀನಿ. ನಮ್ಮ ಓಣ್ಯಾಗ ಒಬ್ಬ ಆಯಿ ತೀರಿಕೊಂಡಾಗ ಆಳಂದ ಕಡಿ ಹಳ್ಳಿಯಿಂದ ಭಜನಿ ಮ್ಯಾಳ ಬಂದಿತ್ತು. ಹೆಣದ ಮುಂದ ಬೆಳತನಾ ತತ್ವಪದ ಹಾಡೋದು ನಮ್ಮ ಕಡಿ ಪದ್ಧತಿ. ಇಂವ ಹೋಗಿ ಮೂಲ್ಯಾಗ ಕುಂತಾನ, ಹೆಣಾ ನೋಡ್ಲಿಕ್ಕೇ ಹೋಗಿದ್ದ ಅಂತ ತಾನೇ ಹೇಳ್ತಾನ. ನಟ್ಟನಡು ರಾತ್ರ್ಯಾಗ ತಾಳ ಹಾಕಾಂವಗ ನಿದ್ದಿ ಬಂತು. ಏಕತಾರಿ ಹಿಡದಿದ್ದ ಮುತ್ಯಾ ಇವನ ಕೈಯಾಗ ತಾಳ ಕೊಟ್ಟು, "ಸುಮ್ ಕುಂತು ಏನ್ ನೋಡ್ತಿ ತಮ್ಮಾ, ಹಾಕು" ಅಂದ. ಬೆಳಿಗ್ಗಿ ಚಹಾ ಕುಡಿಯೋ ಮುಂದ ಇಂವ ಕೇಳ್ಯಾನ, ಮುತ್ಯಾ ನಿನಗ ಸಾಯೋ ಅಂಜಿಕಿ ಇಲ್ಲೇನು? "ಅದನೋ. ಯಾಕಿಲ್ಲ? ಹೆಂಡ್ತಿ ಮಣ್ಣು ಮಾಡೀನಿ, ಎದಿಮಟ ಬೆಳದ ಮಗನ್ನ ಮಣ್ಣು ಮಾಡೀನಿ, ಅಂಜಿಕಿ ಇರೋದಿಲ್ಲೇನು?" ಹಂಗಂದು ಮತ್ತ ಕೇಳಿದ್ನಂತ, "ನಿನ್ನ ಸಾವಿಗಿ ಯಾವ ಪದ ಹಾಡಬೇಕು ಹೇಳು."

ಯಾರೂ ಹಂಗ ಕೇಳಿದ್ದಿಲ್ಲ ಇವನಿಗಿ. ಗೊತ್ತಿಲ್ಲ ಅಂದಾನ. ಗೊತ್ತಿಲ್ಲಂದ್ರ ಎಲ್ಲಾ ಪದ ಕೇಳಿ ಆರಿಸು ಅಂದ ಮುತ್ಯಾ. ಮುತ್ಯಾಗ ಓದು ಬರಹ ಬರೋದಿಲ್ಲ, ಆದ್ರ ಬಾಯಾಗ ನೂರಾರು ಪದ ಅವ. ಕಡಕೋಳ ಮಡಿವಾಳಪ್ಪನವರು, ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬರು, ಇವರೆಲ್ಲಾ ನಮ್ಮ ಕಡಿಯವರೇ, ದೇಹ ನಿಲ್ಲೋದಿಲ್ಲ ಅನ್ನೋದನ್ನ ಅಂಜದೇ ಅಳುಕದೇ ಹಾಡಿದವ್ರು, ಜಾತಿ ಧರ್ಮ ಬದಿಗಿಟ್ಟು ಗುರು ಶಿಷ್ಯರಾದವ್ರು. ನಮ್ಮ ಹುಡುಗ ಒಂದು ಪದ ಆರಿಸಲಿಕ್ಕ ಹೋಗಿ ಇನ್ನೊಂದು ಕೇಳ್ತಾನ, ಅದರ ಅರ್ಥ ಕೇಳ್ತಾನ, ಮುತ್ಯಾ ನಾಳಿಗಿ ಬಾ ಅಂತಾನ. ಇನ್ನೂ ಆರಿಸಿಲ್ಲ. ನಡುವ ಮುತ್ಯಾ ಇನ್ನೊಂದು ಕರಾರು ಹಾಕ್ಯಾನ, ನಾ ಮೊದಲ ಹೋಗಾಂವ, ನನ್ನ ಸಾವಿಗಿ ನೀ ಹಾಡಬೇಕು, ಹಂಗಾರ ಈಗಿಂದೇ ಕಲೀಬೇಕು.

ಅದರ ಕೂಡ ಏನೇನು ಬಂತು ಅಂದ್ರ, ಹಳ್ಳಿ ಬಂತು, ಹೊಲಾ ಬಂತು. ಎಳ್ಳಮಾಸಿಗಿ ಮುತ್ಯಾನ ಹೊಲಕ್ಕ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿ ಹೊಟ್ಟಿತುಂಬ ಹೊಡದು ಬೇವಿನ ಗಿಡದ ಬುಡಕ ಮಲಗಿದ್ದ ಫೋಟೊ ಅಕ್ಕ ಎಲ್ಲಾರಿಗೂ ತೋರಿಸ್ತಾಳ. ಸೀತನಿ ಸುಡೋದು ಕಲ್ತಾನ, ಕೈ ಸುಟ್ಕೊಂಡು ತೆನಿ ಉಜ್ಜಿ ಶೇಂಗಾ ಹಿಂಡಿ ಕೂಡ ನಮಗ ತಂದು ಕೊಟ್ಟಾನ. ಇಬ್ಬರೂ ಕೂಡಿ ಬಸ್‌ಸ್ಟ್ಯಾಂಡ್ ಹತ್ರ ಸೂಸಲಾ ಮಿರ್ಚಿ ತಿಂದ್ಕೋತ ಜಗಳ ಮಾಡ್ತಾರ್ರಿ, ಯಾವ ರಾಗ ಸರಿ ಅಂತ. ಮುತ್ಯಾಗ ಫೋನ್‌ನಾಗ ಕುಸ್ತಿ ವಿಡಿಯೊ ಹಚ್ಚಿ ಕೊಡ್ತಾನ, ಮುತ್ಯಾ ರೊಕ್ಕದ ಲೆಕ್ಕಾ ಇವನ ಕಡಿಂದ ಮಾಡಸ್ತಾನ. ಮಾತಿನಾಗ ಸಾವು ಈಗೂ ಬರ್ತದ, ಮೊದಲಿನಂಗೇ ಬರ್ತದ. ಆದ್ರ ಮಾತು ಮುಗದಮ್ಯಾಲ ಊಟ ಮಾಡ್ತಾನ, ಕಾಲೇಜಿಗಿ ಮತ್ತ ಹೆಸರು ಹಚ್ಚ್ಯಾನ.

ವಯಸ್ಸಿನ ಹುಡುಗ್ರು ವಯಸ್ಸಿನ ಹುಡುಗ್ರ ಜೋಡಿನೇ ಇರಬೇಕು ಅನ್ನೋರ ಮಾತು ನನಗ ಒಪ್ಪಿಗಿ ಇಲ್ಲ. ಇವನ ವಾರಿಗಿಯವ್ರಿಗಿ ಇವನ ಮಾತು ಕೇಳಿದ್ರ ಅಂಜಿಕಿ ಬರ್ತಿತ್ತು. ನಾವು ದೊಡ್ಡವ್ರು ನೌಕರಿ, ಮದಿವಿ ಅಂತ ಮುಂದಿಂದೇ ಮಾತಾಡೋರು. ಎರಡು ಜೀವಾ ಮಣ್ಣು ಮಾಡಿ ಬಂದು, ಮರುದಿನ ಎತ್ತಿಗಿ ಮೇವು ಹಾಕಿದ ಮನುಷ್ಯಾನೇ ಬೇಕಿತ್ತು ಇವನಿಗಿ. ಅಪ್ಪಗ ಸಿಗದ ಭಜನಿ, ಗುರುತು ಇಲ್ಲದವ್ರ ಮನ್ಯಾಗ ಕುಂತು ಮಾಡ್ಲಿಕತ್ತಾನ ಅಂತ ನನಗ ಅನಸ್ತದ. ಅದನ್ನ ಬ್ಯಾಡನ್ನಲಿಕ್ಕ ನಾವ್ಯಾರು?

ಒಂದು ಕೆಲಸ ಆಗಬೇಕಾಗ್ಯಾದ. ಮುತ್ಯಾನ ಪದಗಳನ್ನ ಇಂವ ನೋಟ್‌ಬುಕ್‌ನಾಗ ಬರ್ಕೊಂಡು ರೆಕಾರ್ಡ್ ಮಾಡ್ಲಿಕತ್ತಾನ. ಆಳಂದ, ಜೇವರ್ಗಿ, ಅಫಜಲಪುರ, ಶಹಾಪುರ ಕಡಿ ಹಳೀ ಪದ ಬರೋ ಹಿರಿಯರು ನಿಮಗ ಯಾರರೆ ಗೊತ್ತಿದ್ರ ಇನ್‌ಬಾಕ್ಸ್ ಮಾಡ್ರಿ. ಐತವಾರ ಕಾಲೇಜ್ ಇರೋದಿಲ್ಲ, ಬೈಕ್ ಮ್ಯಾಲ ಮುತ್ಯಾನ್ನ ಹಿಂದ ಕುಂದ್ರಿಸ್ಕೊಂಡು ಬರ್ತಾನ. ಮುತ್ಯಾಗ ಸಕ್ರಿ ಇಲ್ಲದ ಚಹಾ.