ಕಲೆ, ಕಕ್ಕಸು, ಪನ್ನೀರು

ಕಲೆಯ ಬಗ್ಗೆ ನನಗೆ ಒಂದಿಷ್ಟು ಗೊತ್ತು ಅಂತ ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಮೈಸೂರಿನ ನಮ್ಮ ಮನೆಗೆ ಬಂದ ನೆಂಟರನ್ನೆಲ್ಲ ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋಗಿ, ಹಲ್ದಣಕರ್ ಬರೆದ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ನಿಲ್ಲಿಸಿ, "ಬೆರಳ ಸಂದಿನಲ್ಲಿ ಬೆಳಕು ನೋಡಿ, ಎಲ್ಲಿಂದ ಬರ್ತಾ ಇದೆ ಹೇಳಿ" ಅಂತ ಕೇಳುವುದು ನನ್ನ ಅಭ್ಯಾಸ. ಇಪ್ಪತ್ತು ಸಲವಾದರೂ ಆ ಭಾಷಣ ಮಾಡಿರಬೇಕು. ಇಪ್ಪತ್ತು ಸಲವೂ ನನ್ನ ಹೆಂಡತಿ ಹಿಂದೆಲ್ಲೋ ಕೂತು ಕಾಲು ಒತ್ತಿಕೊಂಡಿದ್ದಾಳೆ.

ಹಾಗಾಗಿ ಮೆಲ್ಬರ್ನ್‌ನಲ್ಲಿರುವ ಮಗಳು, "ಅಪ್ಪಾ, ಟಾಸ್ಮೇನಿಯಾಕ್ಕೆ ಹೋಗೋಣ, ಹೋಬಾರ್ಟ್‌ನಲ್ಲಿ ಮೋನಾ ಅಂತ ಮ್ಯೂಸಿಯಂ ಇದೆ, ಗೈಡ್ ಸಮೇತ ಒಂದು ದಿನದ ಟೂರ್" ಅಂದಾಗ ನಾನು ತಕ್ಷಣ ಒಪ್ಪಿದೆ. "ಅಲ್ಲಿ ಕಲೆ ಸುಮ್ನೆ ನೋಡೋದಲ್ಲ, ಮುಟ್ಟಬಹುದು, ಒಳಗೆ ಹೋಗಬಹುದು. ಕೊನೆಯಲ್ಲಿ ವೈನ್ ಟೇಸ್ಟಿಂಗ್" ಅಂದಳು. ವೈನ್ ಅಂದ ತಕ್ಷಣ ಊಟದ ಮೇಜು ತಣ್ಣಗಾಯಿತು. "ನಾನು ಹೊರಗೆ ಕೂತಿರ್ತೀನಿ" ಅಂದಳು ನನ್ನಾಕೆ. ಇದೆಲ್ಲ ಕೋವಿಡ್‌ಗೆ ಮುಂಚಿನ ಮಾತು.

ಹೋಬಾರ್ಟ್‌ಗೆ ಹೋದ ಮಾರನೇ ದಿನವೇ ಮೊಮ್ಮಗನಿಗೆ ಜ್ವರ. ಮಗಳು, ಅಳಿಯ ರೂಮಿನಲ್ಲೇ ಉಳಿದರು. "ಟಿಕೆಟ್ ದುಡ್ಡು ವಾಪಸ್ ಬರಲ್ಲ ಅತ್ತೆ" ಅಂತ ಅಳಿಯ ಹೇಳಿದ ಮೇಲೆ ನನ್ನಾಕೆ ಎದ್ದು ಸ್ವೆಟರ್ ಹಾಕಿಕೊಂಡಳು. ಅವಳ ತಲೆಯಲ್ಲಿ ಆಗಲೇ ಡಾಲರನ್ನು 50ರಿಂದ ಗುಣಿಸುವ ಕೆಲಸ ಶುರುವಾಗಿತ್ತು.

ಡರ್ವೆಂಟ್ ನದಿಯಲ್ಲಿ ದೋಣಿ ಪ್ರಯಾಣ. ದೋಣಿಯ ಮೇಲೆ ಕೂರೋಕೆ ಕುರಿಗಳು! ಜೀವಂತ ಅಲ್ಲ, ಫೈಬರ್‌ನವು. ಎಲ್ಲರೂ ಕುರಿ ಏರಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವಳು ಜಪ್ಪಯ್ಯ ಅಂದರೂ ಕೂರಲಿಲ್ಲ. "ಕುರಿ ಮೇಲೆ ಯಾರಾದ್ರೂ ಕೂರ್ತಾರಾ?" ಅಂದಳು. ಅಗ್ನಿದೇವನ ವಾಹನವೇ ಟಗರು ಕಣೇ ಅಂದೆ. "ಹಾಗಾದ್ರೆ ನೀವೇ ಕೂತ್ಕೊಳ್ಳಿ, ನಿಮ್ಮ ಬಿಸಿ ಅದಕ್ಕೆ ಸರಿಹೋಗುತ್ತೆ."

ದೋಣಿ ಇಳಿದರೆ 99 ಮೆಟ್ಟಿಲು. ಗೈಡ್ ಹುಡುಗಿ ನಮ್ಮ ವಯಸ್ಸು ನೋಡಿ ಸ್ವಲ್ಪ ಕನಿಕರದಿಂದಲೇ ಹೇಳಿದಳು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೆ ಬಗ್ಗಿ ಬಗ್ಗಿ ಅರಿಶಿನ ಕುಂಕುಮ ಹಚ್ಚಿದವಳಿಗೆ ಇದೇನು ಮಹಾ, ಸೀರೆ ನೆರಿಗೆ ಎತ್ತಿ ಹಿಡಿದು ಎಲ್ಲರಿಗಿಂತ ಮುಂದೆ ಹತ್ತಿಬಿಟ್ಟಳು. ನಾನು ಮಧ್ಯೆ ಮಧ್ಯೆ ನಿಂತು ನದಿಯ ಸೌಂದರ್ಯ ನೋಡಿದೆ. ಮೂರು ಸಲ ನೋಡಿದೆ.

ಮೇಲೆ ಹೋದರೆ ಮ್ಯೂಸಿಯಂ ಬಾಗಿಲ ಮುಂದೆ ಟೆನಿಸ್ ಕೋರ್ಟ್. ಯಾಕೆ ಅಂತ ಕೇಳಬಾರದು. ಇದನ್ನು ಕಟ್ಟಿಸಿದವರು ಡೇವಿಡ್ ವಾಲ್ಷ್, ಹೋಬಾರ್ಟ್‌ನವರೇ, ಜೂಜಿನಲ್ಲಿ ಲೆಕ್ಕ ಹಾಕಿ ಹಾಕಿ ಕೋಟಿಗಟ್ಟಲೆ ಗೆದ್ದವರು. ಆ ದುಡ್ಡಿನಲ್ಲಿ ದ್ರಾಕ್ಷಿ ತೋಟ ಕೊಂಡು, ಅದರ ಕೆಳಗೆ ಬಂಡೆ ಕೊರೆಸಿ, 2011ರ ಜನವರಿಯಲ್ಲಿ ಮ್ಯೂಸಿಯಂ ತೆರೆದರು. ನನ್ನಾಕೆ ಇಡೀ ಕಥೆ ಕೇಳಿ ನಿಟ್ಟುಸಿರು ಬಿಟ್ಟಳು. "ನಮ್ಮ ಧರ್ಮರಾಯನಿಗೆ ಯಾರಾದ್ರೂ ಒಂದು ಸ್ವಲ್ಪ ಗಣಿತ ಹೇಳಿಕೊಟ್ಟಿದ್ದಿದ್ರೆ..."

ಒಳಗೆ ಹೋಗುವುದು ಅಂದರೆ ಕೆಳಗೆ ಇಳಿಯುವುದು. ಗಾಜಿನ ಲಿಫ್ಟು, ಸುತ್ತ ಮರಳುಗಲ್ಲಿನ ಗೋಡೆ. ತಳ ಮುಟ್ಟಿದರೆ ಮೊದಲು ಸಿಗುವುದು ಬಾರು, ಚಿತ್ರಗಳು ಆಮೇಲೆ. ಗೋಡೆಯ ಮೇಲೆ ಒಂದೇ ಒಂದು ಹೆಸರಿನ ಚೀಟಿ ಇಲ್ಲ. ಅದರ ಬದಲು ಆಗ ಕೈಗೆ ಮೊಬೈಲಿನಂಥ ಒಂದು ಡಬ್ಬಿ ಕೊಡುತ್ತಿದ್ದರು, ಹೆಸರು 'ಓ'. ಅದಕ್ಕೆ ನಾವು ಎಲ್ಲಿ ನಿಂತಿದ್ದೇವೆ ಅಂತ ಗೊತ್ತಾಗುತ್ತಿತ್ತು, ಹತ್ತಿರ ಯಾವ ಕಲಾಕೃತಿ ಇದೆ ಅಂತ ತೋರಿಸುತ್ತಿತ್ತು. ಇಷ್ಟವಾದರೆ ಒಂದು ಕಡೆ ಒತ್ತಬೇಕಿತ್ತು, ದ್ವೇಷವಾದರೆ ಇನ್ನೊಂದು ಕಡೆ. ಇಮೇಲ್ ವಿಳಾಸ ಕೊಟ್ಟರೆ ನಾವು ಏನೇನು ನೋಡಿದೆವು ಅನ್ನೋದನ್ನು ಕಳಿಸಿಯೂ ಕೊಡುತ್ತಿದ್ದರು. ನಾನು ಮಗಳ ವಿಳಾಸ ಕೊಟ್ಟೆ. ಇದನ್ನು ನೆನಪಿಟ್ಟುಕೊಳ್ಳಿ.

ಒಂದು ಗೋಡೆ ತುಂಬ ಪುಟ್ಟ ಪುಟ್ಟ ಚಿತ್ರಗಳು. ಸಿಡ್ನಿ ನೋಲನ್ ಅನ್ನೋ ಆಸ್ಟ್ರೇಲಿಯಾದ ಕಲಾವಿದ ಬರೆದದ್ದು, ಒಟ್ಟು 1620. ನಾನು ಕನ್ನಡಕ ಏರಿಸಿ ಒಂದೊಂದನ್ನೇ ನೋಡುತ್ತ ಹೊರಟೆ. ಇಲ್ಲೊಂದು ಹೂವು, ಇಲ್ಲೊಂದು ಮುಖ, ಇಲ್ಲೊಂದು ಹಕ್ಕಿ. "ಬಣ್ಣದ ಲಯ ನೋಡು" ಅಂತ ಹಿಂದಕ್ಕೆ ಹೇಳಿದೆ. ಉತ್ತರವಿಲ್ಲ. ತಿರುಗಿದರೆ ಅವಳು ದೂರದಲ್ಲಿ ನಿಂತು ಕೈ ಮುಗಿಯುತ್ತಿದ್ದಾಳೆ.

"ಏನೇ ಇದು?"

"ಇಷ್ಟು ದೊಡ್ಡ ಹಾವು ಕಾಣಿಸ್ತಿಲ್ವಾ ನಿಮಗೆ? ಇಲ್ಲಿ ಬಂದು ನಿಂತ್ಕೊಳ್ಳಿ."

ಹೋಗಿ ನಿಂತೆ. ಹಾವು! ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಬಳುಕಿಕೊಂಡು ಮಲಗಿದೆ. ಆ ಕೃತಿಯ ಹೆಸರೇ 'ಹಾವು'. ನಾನು ಅದರ ಹೊಟ್ಟೆಯ ಹತ್ತಿರ ಹತ್ತು ನಿಮಿಷ ಮೂಗು ಇಟ್ಟುಕೊಂಡು ಲಯ ಹುಡುಕುತ್ತಿದ್ದೆ.

ಆಮೇಲೆ ಮೈಯೆಲ್ಲ ಊದಿಕೊಂಡ ಕೆಂಪು ಕಾರು. ಆಮೇಲೆ ಮೇಲಿನಿಂದ ನೀರಿನ ಹನಿಗಳೇ ಸುದ್ದಿಯ ಪದಗಳಾಗಿ ಬೀಳುವ ಜಲಪಾತ. ಓದುವಷ್ಟರಲ್ಲಿ ಮಾಯ, ನಮ್ಮ ಟಿವಿಯ ಬ್ರೇಕಿಂಗ್ ನ್ಯೂಸ್ ಹಾಗೇ.

ಮುಂದಿನದು ಬಲ್ಬುಗಳ ಕೋಣೆ. ಕತ್ತಲೆಯಲ್ಲಿ ಸಾಲು ಸಾಲು ಬಲ್ಬು. ಎರಡು ಹಿಡಿಕೆ ಹಿಡಿದುಕೊಂಡರೆ ಮುಂದಿನ ಬಲ್ಬು ನಿಮ್ಮ ಎದೆಬಡಿತಕ್ಕೆ ತಕ್ಕಂತೆ ಮಿನುಗುತ್ತೆ. ಕೈ ಬಿಟ್ಟರೆ ನಿಮ್ಮ ಬಡಿತ ಪಕ್ಕದ ಬಲ್ಬಿಗೆ ಹೋಗುತ್ತೆ, ಮುಂದಿನವರು ಬಂದ ಹಾಗೆಲ್ಲ ಒಂದೊಂದೇ ಬಲ್ಬು ಮುಂದಕ್ಕೆ ಸರಿಯುತ್ತೆ. ಎಷ್ಟು ಚೆನ್ನಾಗಿದೆ ಅಲ್ವಾ? ನಾನು ಗಂಭೀರವಾಗಿ ಹೋಗಿ ಹಿಡಿದೆ.

ಬಲ್ಬು ಮಿನುಗಲಿಲ್ಲ.

ಇನ್ನೂ ಗಟ್ಟಿಯಾಗಿ ಹಿಡಿದೆ. ಇಲ್ಲ. ಹಿಂದಿನ ಸಾಲು ನಿಶ್ಶಬ್ದವಾಯಿತು. "ರೀ! ನಿಮಗೆ ಬಡಿತಾನೇ ಇಲ್ವಲ್ರೀ!" ಅಂತ ನನ್ನಾಕೆ ಕೂಗಿದ್ದು ಕನ್ನಡದಲ್ಲಾದರೂ ಆ ಕೋಣೆಯಲ್ಲಿದ್ದ ಎಲ್ಲ ದೇಶದವರಿಗೂ ಅರ್ಥವಾಯಿತು. ಒಬ್ಬ ಮುದುಕ ಟೋಪಿ ತೆಗೆದ. ಯಾಕೆ ತೆಗೆದನೋ, ಸೆಖೆಗೇ ಇರಬೇಕು. ಗೈಡ್ ಓಡಿ ಬಂದು ನನ್ನ ಕೈ ಮುಟ್ಟಿ ನೋಡಿ, "ನಿಮ್ಮ ಕೈ ಐಸ್ ಆಗಿದೆ, ಉಜ್ಜಿ" ಅಂದಳು. ನನ್ನಾಕೆ ಎರಡೂ ಕೈ ಹಿಡಿದು, ಜ್ವರ ಬಂದ ಮಗುವಿಗೆ ಉಜ್ಜುವ ಹಾಗೆ ಉಜ್ಜಿದಳು. ಬಲ್ಬು ಧಡಧಡ ಮಿನುಗಿತು. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಬದುಕಿದ್ದಕ್ಕೆ ಚಪ್ಪಾಳೆ ಸಿಕ್ಕಿದ್ದು ನನಗೆ ಅದೇ ಮೊದಲು.

ನನ್ನ ಹಿಂದೆ ಅವಳು ಹಿಡಿದಳು. ಅವಳದ್ದು ನಿಧಾನ, ಗೋಡೆ ಗಡಿಯಾರದ ಹಾಗೆ. ಅವಳ ನಂತರ ಇನ್ನೊಬ್ಬರು ಬಂದಾಗ ನನ್ನ ಬಡಿತ ಒಂದು ಬಲ್ಬು ಮುಂದೆ ಹೋಯಿತು, ಅದರ ಹಿಂದೆಯೇ ಅವಳದ್ದು. "ಇಲ್ಲೂ ಹಿಂದೆ ಬರ್ತಿದೀಯಲ್ಲೇ" ಅಂದೆ.

"ಬರದಿದ್ರೆ ನೀವು ದಾರಿ ತಪ್ಪಿಸಿಕೊಳ್ತೀರಿ."

ಹತ್ತು ನಿಮಿಷದಲ್ಲಿ ತಪ್ಪಿಸಿಕೊಂಡೆ. ಬಿಪಿ ಮಾತ್ರೆ ನುಂಗುವವರಿಗೆ ವಿವರಿಸಬೇಕಿಲ್ಲ, ಆ ಅವಸರ ಹೇಳಿ ಕೇಳಿ ಬರುವುದಿಲ್ಲ. ಕಕ್ಕಸಿನಂಥ ಒಂದು ಬಾಗಿಲು ಕಾಣಿಸಿತು. ನುಗ್ಗಿದೆ, ಚಿಲಕ ಹಾಕಿದೆ, ಕೂತೆ. ಕೂತ ಮೇಲೆ ನೋಡಿದರೆ ಕಣ್ಣಿನ ಮುಂದೆ ಒಂದು ದುರ್ಬೀನು! ಕೂತಲ್ಲೇ ನದಿ ನೋಡಲಿ ಅಂತ ಇಟ್ಟಿದ್ದಾರೆ, ಎಂಥಾ ಜನ ಅಂದುಕೊಂಡೆ. ನಾವು ಭೂಮಿಯ ಒಳಗಿದ್ದೇವೆ, ಇಲ್ಲಿ ನದಿ ಎಲ್ಲಿಂದ ಬರಬೇಕು ಅನ್ನುವುದು ತಕ್ಷಣ ಹೊಳೆಯಲಿಲ್ಲ. ಕಣ್ಣಿಟ್ಟೆ.

ದುಂಡಗೆ, ದೊಡ್ಡದಾಗಿ ಏನೋ ಕಂಡಿತು. ಯಾವುದೋ ಗ್ರಹ ಇರಬೇಕು, ಇಲ್ಲಿ ಎಲ್ಲಾ ಕಲೆ ಅಲ್ವಾ? ಇನ್ನಷ್ಟು ಬಗ್ಗಿ ನೋಡಿದೆ. ಗ್ರಹವೂ ಅಲುಗಿತು. ಗ್ರಹದ ಎಡಭಾಗದಲ್ಲಿ ಒಂದು ಮಚ್ಚೆ ಇತ್ತು. ಆ ಮಚ್ಚೆಯ ವಿಷಯ ನಮ್ಮಮ್ಮ ನಾನು ಚಿಕ್ಕವನಿದ್ದಾಗ ಹೇಳುತ್ತಿದ್ದರು, "ಅದೃಷ್ಟದ ಮಚ್ಚೆ" ಅಂತ. 62 ವರ್ಷ ನಾನು ಅದನ್ನು ನೋಡಿರಲಿಲ್ಲ.

ಎಗರಿ ಎದ್ದ ರಭಸಕ್ಕೆ ಕೈಯಲ್ಲಿದ್ದ 'ಓ' ಏನೇನೋ ಒತ್ತಿಕೊಂಡಿತು. ಆಮೇಲೆ ತಿಳಿಯಿತು, ಅದು ಆಸ್ಟ್ರಿಯಾದ ಜೆಲಿಟಿನ್ ಅನ್ನುವ ಕಲಾವಿದರ ಗುಂಪಿನ ಕೃತಿ. ಕನ್ನಡಿ, ದುರ್ಬೀನು ಜೋಡಿಸಿ ಮನುಷ್ಯ ತನ್ನ ಹಿಂಭಾಗವನ್ನು ತಾನೇ ನೋಡಿಕೊಳ್ಳುವಂತೆ ಮಾಡಿದ್ದಾರೆ. ಬಾಗಿಲು ತೆಗೆದರೆ ಹೊರಗೆ ನಾಲ್ಕು ಜನ ಭಕ್ತಿಯಿಂದ ಕಾಯುತ್ತಿದ್ದರು. "ಹೇಗಿತ್ತು?" ಅಂತ ಒಬ್ಬ ಹೆಂಗಸು ಕೇಳಿದರು. ಅದಕ್ಕೆ ಯಾವ ಭಾಷೆಯಲ್ಲಿ ಉತ್ತರ ಕೊಡುವುದು?

"ಎಲ್ಲಿ ಹೋಗಿದ್ರಿ?" ಅಂದಳು ನನ್ನಾಕೆ. "ಒಂದು ಕಲಾಕೃತಿ ನೋಡ್ತಿದ್ದೆ" ಅಂದೆ. "ಹೇಗಿತ್ತು" ಅಂದಳು ಇವಳೂ.

ಮಧ್ಯಾಹ್ನ 2 ಗಂಟೆಗೆ ಗೈಡ್ ಎಲ್ಲರನ್ನೂ ಅವಸರದಿಂದ ಒಂದು ಕೋಣೆಗೆ ಕರೆದೊಯ್ದಳು. ಹೊತ್ತಿಗೆ ಸರಿಯಾಗಿ ಹೋಗಬೇಕಂತೆ, ಮಹಾಮಂಗಳಾರತಿ ಥರ. ಒಳಗೆ ಸೂರಿನಿಂದ ಸಾಲಾಗಿ ನೇತುಬಿಟ್ಟ ಗಾಜಿನ ಬುಂಡೆಗಳು, ಕೊಳವೆಗಳು. ಬೆಲ್ಜಿಯಂನ ವಿಮ್ ಡೆಲ್ವೋಯ್ ಮಾಡಿದ ಯಂತ್ರ. ಒಂದು ತುದಿಯಲ್ಲಿ ಊಟ ಹಾಕಿದರೆ, ಮನುಷ್ಯನ ಹೊಟ್ಟೆಯಲ್ಲಿ ಆಗುವುದೆಲ್ಲ ಬುಂಡೆಯಿಂದ ಬುಂಡೆಗೆ ಆಗಿ, ಇನ್ನೊಂದು ತುದಿಯಲ್ಲಿ... ಹೌದು, ಅದೇ. ವಾಸನೆ ಸಮೇತ. ಜನ ಮೂಗು ಮುಚ್ಚಿಕೊಂಡು ಫೋಟೋ ತೆಗೆದರು. ನಾನು ಕರವಸ್ತ್ರದ ಹಿಂದಿನಿಂದ, ಇದು ನಮ್ಮ ಕಾಲದ ಅತಿಯಾಸೆಯ ಬಗ್ಗೆ ಕಲಾವಿದನ ಟೀಕೆ ಅಂತ ವಿವರಿಸತೊಡಗಿದೆ.

ಅವಳು ಮೂಗು ಮುಚ್ಚಿರಲಿಲ್ಲ. ಹತ್ತಿರ ಹೋಗಿ ನೋಡಿ ಬಂದಳು. "ಗಟ್ಟಿಯಾಗಿದೆ, ಪರವಾಗಿಲ್ಲ. ಇಷ್ಟಕ್ಕೆ ಇಷ್ಟು ದೊಡ್ಡ ಯಂತ್ರ ಯಾಕೆ? ನಮ್ಮ ಪುಟ್ಟ ದಿನಕ್ಕೆ ಮೂರು ಶೋ ಕೊಡ್ತಾನೆ, ಟಿಕೆಟ್ ಇಲ್ಲ." ಇವರು ಏನಂದರು ಅಂತ ಗೈಡ್ ನನ್ನನ್ನು ಕೇಳಿದಳು. ನಾನು ಅನುವಾದಿಸಲಿಲ್ಲ. ಅನುವಾದಿಸಿದ್ದರೆ ಇಡೀ ಗುಂಪು ಅವಳ ಕಡೆ ಹೋಗುತ್ತಿತ್ತು.

ಅಲ್ಲಿಂದ ನೇರ ವೈನ್ ರುಚಿ ನೋಡೋಕೆ. ಈ ಕ್ರಮವನ್ನು ಯಾರು ಹಾಕಿದರೋ ಗೊತ್ತಿಲ್ಲ. ಹೊರಗೆ ಬಂದರೆ ಮಾತ್ರ ಎದೆ ತುಂಬ ಒಳ್ಳೆ ಗಾಳಿ, ಇಳಿಜಾರಿನಲ್ಲಿ ಹಳದಿಗೆ ತಿರುಗಿದ ದ್ರಾಕ್ಷಿ ಬಳ್ಳಿ, ಕೆಳಗೆ ನದಿ. ಇಟಲಿಯಿಂದ ಬಂದ ಕ್ಲಾಡಿಯೋ ಅಲ್ಕೋರ್ಸೋ ಅನ್ನುವ ಬಟ್ಟೆ ಉದ್ಯಮಿ 1958ರಲ್ಲಿ ಇಲ್ಲಿ ಮೊದಲ ಬಳ್ಳಿ ನೆಟ್ಟರಂತೆ. ತೋಟದ ಹೆಸರು ಮೂರಿಲ್ಲಾ. ಹೊರಗೆ ಕೂರುತ್ತೇನೆ ಅಂದವಳು ಚಳಿಗೆ ಒಳಗೆ ಬಂದು ಕೂತಳು. ಸುಮ್ನೆ ಕೂರ್ತೀನಿ ಅಷ್ಟೇ ಅಂದಳು.

ವೈನನ್ನು ಲೋಟದಲ್ಲಿ ತಿರುಗಿಸಬೇಕು, ಮೂಸಬೇಕು, ಒಂದು ಗುಟುಕು ಬಾಯಲ್ಲಿ ಆಡಿಸಬೇಕು, ಆಮೇಲೆ ಬೇಕಾದರೆ ಉಗುಳಬೇಕು. ಉಗುಳೋಕೆ ಮೇಜಿನ ಮೇಲೆ ಚೆಂದದ ಪಾತ್ರೆ. ನಮ್ಮೂರಲ್ಲಿ ಉಗುಳಬೇಡಿ ಅಂತ ಮೆಟ್ಟಿಲ ಮೂಲೆಗೆಲ್ಲ ದೇವರ ಟೈಲ್ಸ್ ಅಂಟಿಸುತ್ತೇವೆ.

"ಉಗುಳೋಕೆ ಎಷ್ಟು ಕೊಟ್ಟಿದ್ದೀವಿ?" ಅಂತ ಕೇಳಿದಳು. ಹೇಳಿದೆ. 50ರಿಂದ ಗುಣಿಸಿದಳು. ಲೋಟ ಎತ್ತಿಕೊಂಡಳು.

ಮೊದಲನೆಯದು ರೀಸ್ಲಿಂಗ್. "ಹುಳಿ ಜಾಸ್ತಿ" ಅಂದಳು, ನುಂಗಿದಳು. ಎರಡನೆಯದರ ಹೆಸರು ಗೆವುರ್ಟ್ಸ್‌ಟ್ರಮೀನರ್. ಅದನ್ನು ಸರಿಯಾಗಿ ಹೇಳಬಲ್ಲವನಿಗೆ ಇನ್ನೊಂದು ಲೋಟ ಕೊಡಬಾರದು, ಹೇಳಲಾಗದವನಿಗೂ ಕೊಡಬಾರದು. "ಯಾವ ಪರಿಮಳ ಸಿಗುತ್ತೆ?" ಅಂತ ಗೈಡ್ ಕೇಳಿದಳು. ಒಬ್ಬರು ಜೇನು ಅಂದರು. ಒಬ್ಬರು ಸೇಬು ಅಂದರು. ನಾನು ಕಣ್ಣು ಮುಚ್ಚಿ, "ಒಂಥರಾ... ಆಳ" ಅಂದೆ.

"ಪನ್ನೀರು" ಅಂದಳು ನನ್ನ ಹೆಂಡತಿ. "ಮದುವೆ ಮನೆ ಬಾಗಿಲಲ್ಲಿ ಎರಚಲ್ವಾ, ಅದೇ. ಬೇಕಾದ್ರೆ ಮೂಸಿ ನೋಡಿ."

ಮೂಸಿದೆ. ಪನ್ನೀರೇ! ಛತ್ರದ ಬಾಗಿಲು, ಬೆಳ್ಳಿ ಪನ್ನೀರುದಾನಿ ಹಿಡಿದು ನಿಂತ ಹುಡುಗಿಯರು, ಕಣ್ಣಿಗೆ ಬಿದ್ದು ಚುರ್ ಅನ್ನುವ ಹನಿ ಸಮೇತ. ಗೈಡ್‌ಗೆ ಈ ಸಲ ಅನುವಾದಿಸಿದೆ. ಅವಳ ಕಣ್ಣು ಅರಳಿತು. ಈ ದ್ರಾಕ್ಷಿಯ ಗುರುತೇ ಗುಲಾಬಿಯ ವಾಸನೆಯಂತೆ. ಜೇನು, ಸೇಬು ಅಂದವರೆಲ್ಲ ಮತ್ತೆ ಮೂಸಿ ತಲೆಯಾಡಿಸಿದರು. ನನ್ನಾಕೆಯ ಲೋಟಕ್ಕೆ ಇನ್ನಷ್ಟು ಬಿತ್ತು.

ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಮೂರನೆಯದು ಕೆಂಪು, ಪಿನೋ ನುವಾರ್. ಈ ಸಲ ಏನಾದರೂ ತೋರಿಸಲೇಬೇಕು ಅಂತ ಲೋಟವನ್ನು ಜೋರಾಗಿ, ಪಂಡಿತರ ಹಾಗೆ ತಿರುಗಿಸಿದೆ. ವೈನ್ ಒಂದು ಸುತ್ತು ಸುತ್ತಿ, ಎರಡು ಸುತ್ತು ಸುತ್ತಿ, ಹೊರಗೆ ಹಾರಿ, ಮಗಳು ಕೊಡಿಸಿದ ಬಿಳಿ ಸ್ವೆಟರಿನ ಎದೆಯ ಮೇಲೆ ಬಂದು ಕೂತಿತು. ಬಲ್ಬಿನ ಕೋಣೆಯಲ್ಲಿ ಟೋಪಿ ತೆಗೆದಿದ್ದ ಮುದುಕ ಅಲ್ಲೇ ಇದ್ದ. ಗುಂಡೇಟು ಬಿದ್ದವನನ್ನು ನೋಡುವ ಹಾಗೆ ನೋಡಿದ.

"ಉಪ್ಪು ಕೇಳಿ, ಉಪ್ಪು" ಅಂದಳು ಇವಳು. ಉಪ್ಪು ಬರುವಷ್ಟರಲ್ಲಿ ತನ್ನ ಲೋಟ ಮುಗಿಸಿದ್ದಳು. "ಇದು ಬಾಣಂತನದಲ್ಲಿ ಅಮ್ಮ ಕೊಡ್ತಿದ್ದ ದಶಮೂಲಾರಿಷ್ಟದ ಥರಾನೇ ಇದೆ ಕಣ್ರೀ, ಮೈ ಬೆಚ್ಚಗಾಗುತ್ತೆ. ನಿಮ್ಮದು ಉಳಿದಿದೆಯಾ?"

ಸಂಜೆ ದೋಣಿಯಲ್ಲಿ ಅವಳು ಯಾರೂ ಹೇಳದೆ ಹೋಗಿ ಕುರಿಯ ಮೇಲೆ ಕೂತಳು. ಒಂದೇ ಕಡೆ ಕಾಲು ಇಳಿಬಿಟ್ಟು, ಸ್ಕೂಟರಿನ ಹಿಂದೆ ಕೂರುವ ಹಾಗೆ. "ಫೋಟೋ ತೆಗೀರಿ" ಅಂದಳು.

ರೂಮಿಗೆ ಬಂದಾಗ ಮೊಮ್ಮಗನ ಜ್ವರ ಇಳಿದಿತ್ತು. ಮಗಳು ಫೋನ್ ನೋಡುತ್ತ ಕೂತಿದ್ದಳು. "ಅಪ್ಪಾ, ಮ್ಯೂಸಿಯಂನಿಂದ ಮೇಲ್ ಬಂದಿದೆ. ನೀವು ಇಷ್ಟಪಟ್ಟಿರೋ ಕೃತಿ ಒಂದೇ ಒಂದಂತೆ. ಅಷ್ಟೊಂದು ನೋಡಿ ಒಂದೇನಾ? ಯಾವುದಪ್ಪಾ ಅದು, ತಾಳಿ, ಫೋಟೋ ದೊಡ್ಡದು ಮಾಡ್ತೀನಿ..."

"ಬೇಡಮ್ಮ" ಅಂದೆ.

ಅಷ್ಟರಲ್ಲಿ ಅಳಿಯ ಬಗ್ಗಿ ನೋಡಿಯಾಗಿತ್ತು.