ಹಸಿರು ಬಣ್ಣದ ವರದಿಗಳು

ಕಚೇರಿಯಲ್ಲಿ ಕೆಲಸ ಕೆಟ್ಟಾಗ ಆಡಳಿತವು ನೌಕರರ ಕಡೆಗೂ, ನೌಕರರು ಆಡಳಿತದ ಕಡೆಗೂ ಬೆರಳು ತೋರಿಸುವುದು ವಾಡಿಕೆ. ಮೊದಲು ಕರ್ನಾಟಕದಲ್ಲಿ, ಆಮೇಲೆ ಹೊರದೇಶದಲ್ಲಿ ಸಾಫ್ಟ್‌ವೇರ್ ಪ್ರಾಜೆಕ್ಟ್‌ಗಳಲ್ಲಿ ದುಡಿದ ನನಗೆ ಈ ಎರಡು ದೂರುಗಳೂ ಅರೆಬರೆ ಎನಿಸುತ್ತವೆ. ಕೆಟ್ಟ ನಡವಳಿಕೆಯನ್ನು ಸಂಸ್ಥೆ ಕಲಿಸುತ್ತದೆ, ನಾವು ಕಲಿಯುತ್ತೇವೆ, ಕಲಿತದ್ದನ್ನು ನಮ್ಮ ನಂತರ ಸೇರಿದವರಿಗೆ ನಾವೇ ಹೇಳಿಕೊಡುತ್ತೇವೆ. ಈ ಕೊನೆಯ ಹಂತದ ಮಾತನ್ನು ಎರಡೂ ಕಡೆಯವರು ಎತ್ತುವುದಿಲ್ಲ.

ವಾರದ ಪ್ರಗತಿ ವರದಿಯನ್ನೇ ನೋಡೋಣ. ಕೆಲಸ ಸರಿಯಾಗಿ ಸಾಗುತ್ತಿದ್ದರೆ ಹಸಿರು, ತಡವಾಗುವ ಲಕ್ಷಣವಿದ್ದರೆ ಹಳದಿ, ಕೈಮೀರಿದ್ದರೆ ಕೆಂಪು. ನಾನು ಕರ್ನಾಟಕದಲ್ಲಿದ್ದಾಗ, ಹೊಸದಾಗಿ ಸೇರಿದ ಹುಡುಗಿಯೊಬ್ಬಳು ತನ್ನ ಭಾಗಕ್ಕೆ ಪ್ರಾಮಾಣಿಕವಾಗಿ ಹಳದಿ ಹಾಕಿದ್ದಕ್ಕೆ ಮ್ಯಾನೇಜರ್ ಎಲ್ಲರೆದುರು, "ಏನಮ್ಮಾ, ನಿನ್ನ ಕೈಲಿ ಆಗಲ್ವಾ? ಬೇರೆಯವರಿಗೆ ಕೊಡ್ಲಾ?" ಎಂದರು. ಸಭೆ ಮುಗಿದ ಮೇಲೆ ಪಕ್ಕದ ಸೀಟಿನ ಹಿರಿಯರೊಬ್ಬರು, ನಿಜವಾದ ಕಾಳಜಿಯಿಂದಲೇ, "ಮುಂದಿನ ವಾರ ಹಸಿರು ಹಾಕ್ಬಿಡಮ್ಮ, ಆಮೇಲೆ ನೋಡ್ಕೊಳ್ಳೋಣ" ಎಂದು ಬುದ್ಧಿ ಹೇಳಿದರು. ಆಕೆಯನ್ನು ಬದಲಾಯಿಸಿದ್ದು ಮ್ಯಾನೇಜರ್‌ ಅವರ ಗದರಿಕೆಗಿಂತ ಹೆಚ್ಚಾಗಿ ಆ ಹಿರಿಯರ ಅಕ್ಕರೆ ಎಂದು ನನ್ನ ಎಣಿಕೆ.

ಇಲ್ಲಿ, ಹೊರದೇಶದ ಕಚೇರಿಯಲ್ಲಿ, ಯಾರೂ ದನಿ ಏರಿಸುವುದಿಲ್ಲ. ಮೇಲಧಿಕಾರಿಯನ್ನು ಹೆಸರು ಹಿಡಿದು ಕರೆಯಬಹುದು, ಚರ್ಚೆಯಲ್ಲಿ ಅವರ ಮಾತನ್ನು ಅಲ್ಲಗಳೆಯಲೂಬಹುದು. ಆದರೆ ಹಳದಿ ಹಾಕಿದವನು ಕಾರಣ ವಿವರಿಸುವ ಫಾರಂ ತುಂಬಬೇಕು, ವೇಳಾಪಟ್ಟಿಯನ್ನು ಹೊಸದಾಗಿ ಬರೆಯಬೇಕು, ಬಣ್ಣ ಬದಲಾಗುವವರೆಗೂ ಪ್ರತಿ ವಾರ ಇನ್ನೊಂದು ಪರಿಶೀಲನಾ ಸಭೆಯಲ್ಲಿ ಕೂರಬೇಕು. ಹೀಗಾಗಿ ಇಲ್ಲಿಯ ವರದಿಗಳೂ ಕೊನೆಯ ವಾರದವರೆಗೆ ಹಸಿರಾಗಿಯೇ ಇರುತ್ತವೆ. ಅಲ್ಲಿ ಅಂಜಿಕೆ ಮಾಡಿಸಿದ್ದನ್ನು ಇಲ್ಲಿ ಬೇಸರ ಮಾಡಿಸುತ್ತದೆ. ಹೊರದೇಶದ ಕಚೇರಿಯೆಂದರೆ ಮುಚ್ಚುಮರೆಯಿಲ್ಲದ ಜಾಗ ಎಂದು ನಂಬಿದವರಿಗೆ ಇದನ್ನು ಹೇಳಬೇಕಾಗಿದೆ.

ಆಡಳಿತಕ್ಕೂ ನೌಕರರಿಗೂ ಇರುವ ಇದೇ ನಂಟು ದೊಡ್ಡದಾಗಿ ಬೆಳೆದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನ ಪ್ರಕರಣ ತೋರಿಸಿತು. ಪ್ರತಿ ಗ್ರಾಹಕನಿಗೆ ಎಂಟು ಬಗೆಯ ಸೇವೆಗಳನ್ನು ಮಾರಬೇಕೆಂಬ ಗುರಿಯ ಒತ್ತಡದಲ್ಲಿ ಸಿಬ್ಬಂದಿ ಗ್ರಾಹಕರಿಗೆ ತಿಳಿಯದಂತೆ ಖಾತೆಗಳನ್ನು ತೆರೆದಿದ್ದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು, ಅದಕ್ಕೂ ಮುಂಚಿನ ವರ್ಷಗಳಲ್ಲಿ ಸುಮಾರು 5,300 ಮಂದಿಯನ್ನು ಕೆಲಸದಿಂದ ತೆಗೆದಿದ್ದೂ ಹೊರಬಂತು. ಅಷ್ಟು ಮಂದಿಯನ್ನು ತೆಗೆದ ಮೇಲೂ ಆ ಗುರಿಯನ್ನು ಕೈಬಿಡದ ಆಡಳಿತ ತಾನು ಮೋಸಹೋದೆ ಎನ್ನುವುದು ನಗೆಪಾಟಲು. ಹಾಗೆಂದು ಸಹಿ ಹಾಕಿದ ಕೈ ನೌಕರನದ್ದಲ್ಲ ಎನ್ನಲೂ ಆಗದು.

ಇಂಥ ಜಾಗ ಸಹಿಸದವರು ಬಿಟ್ಟು ಹೋಗುತ್ತಾರೆ, ಹೊಂದಿಕೊಂಡವರು ಉಳಿಯುತ್ತಾರೆ, ಉಳಿದವರೇ ಹೊಸಬರನ್ನು ಆರಿಸುತ್ತಾರೆ. ಮನಶ್ಶಾಸ್ತ್ರಜ್ಞ ಬೆಂಜಮಿನ್ ಶ್ನೈಡರ್ 1987ರಲ್ಲೇ ಸಂಸ್ಥೆಗಳ ಸ್ವಭಾವ ರೂಪುಗೊಳ್ಳುವುದನ್ನು ಈ ರೀತಿ ವಿವರಿಸಿದ್ದರು. ವ್ಯವಸ್ಥಾಪಕರು ಬದಲಾದರೂ ಕಚೇರಿಯ ಚಾಳಿ ಬದಲಾಗದಿರುವುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಕಂಡಿಲ್ಲ.

ಎರಡೂ ಕಡೆಯವರ ಪಾಲು ಸಮಾನ ಎಂದು ನಾನು ಹೇಳುತ್ತಿಲ್ಲ. ಫಾರಂ ರದ್ದು ಮಾಡುವ ಅಧಿಕಾರ ಇರುವವರ ಹೊಣೆ ದೊಡ್ಡದು. ಅದರ ನಂತರದ್ದು ಹೊಸಬರ ಪಾಲಲ್ಲ, ನನ್ನಂಥ ಹಳಬರದು. ನಾವು ಹಳದಿ ಹಾಕಿದರೆ ನಮ್ಮ ಕೆಲಸಕ್ಕೇನೂ ಕುತ್ತು ಬರುವುದಿಲ್ಲ, ಆದರೂ ಹಾಕುವುದಿಲ್ಲ.

ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ಕುರಿತು ಸಂಶೋಧಕಿ ಎಮಿ ಎಡ್ಮಂಡ್ಸನ್ ನಡೆಸಿದ, 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಳ್ಳೆಯ ನಾಯಕತ್ವವಿದ್ದ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿ ತಪ್ಪುಗಳು ಹೆಚ್ಚಾಗಿದ್ದವು ಎಂಬುದಕ್ಕಿಂತ, ತಪ್ಪನ್ನು ಹೇಳಿಕೊಳ್ಳಲು ಜನ ಹಿಂಜರಿಯುತ್ತಿರಲಿಲ್ಲ ಎಂಬುದೇ ಅವರು ಕಂಡುಕೊಂಡ ಕಾರಣ. ಹಸಿರು ಎಷ್ಟಿದೆ ಎಂದು ಎಣಿಸಿ ಬಡ್ತಿ ಕೊಡುವ ಪದ್ಧತಿಯನ್ನು ಹಾಗೆಯೇ ಇಟ್ಟುಕೊಂಡು, ಪಾರದರ್ಶಕತೆಯ ಬಗ್ಗೆ ವರ್ಷಕ್ಕೊಂದು ತರಬೇತಿ ಶಿಬಿರ ನಡೆಸುವ ಆಡಳಿತಗಳು ಈ ಅಂಶವನ್ನು ಗಮನಿಸಿದಂತಿಲ್ಲ. ನೌಕರರು ಶಿಬಿರದಲ್ಲಿ ಚಪ್ಪಾಳೆ ತಟ್ಟಿ, ಬಡ್ತಿಯ ಪಟ್ಟಿಯನ್ನು ಓದುತ್ತಾರೆ.